ಕಸೂತಿ ನಕ್ಷೆಗಳ ಪಿಡಿಎಫ್: ಮೆಚ್ಚುಗೆ ಧಾರಾಳ, ಗಿರಾಕಿ ವಿರಳ

ಪ್ರಶ್ನೆ (ಧಾರವಾಡದಿಂದ)
ಎರಡು ವರ್ಷಗಳಿಂದ ಮನೆಯಲ್ಲಿಯೇ ವಿನ್ಯಾಸದ ಕೆಲಸ ಮಾಡುತ್ತಿದ್ದೇನೆ. ಲಗ್ನಪತ್ರಿಕೆಗಳಿಂದ ಖರ್ಚು ತೂಗುತ್ತದೆಯಾದರೂ ಮದುವೆಯ ಹಂಗಾಮು ಮುಗಿದರೆ ಕೈ ಖಾಲಿ. ಆದ್ದರಿಂದ ಅಜ್ಜಿಯ ಚಂದ್ರಕಾಳಿ ಎಂಬ ಕಪ್ಪು ಸೀರೆಯ ಸೆರಗಿನ ಕಸೂತಿಯಲ್ಲಿರುವ ಗೋಪುರ, ತುಳಸಿಕಟ್ಟೆ, ಆನೆ, ನವಿಲುಗಳನ್ನು ಎಳೆ ಎಣಿಸಿ ಚೌಕಳಿ ಹಾಳೆಗೆ ಇಳಿಸಿ, 40 ನಕ್ಷೆಗಳ ಪಿಡಿಎಫ್ ಸಿದ್ಧಪಡಿಸಿದ್ದೇನೆ. ಇನ್‌ಸ್ಟಾಗ್ರಾಂನಲ್ಲಿ ಚಿತ್ರ ಹಾಕಿದಾಗಲೆಲ್ಲ ಮೆಚ್ಚುಗೆ ಬರುತ್ತದೆ. ಆದರೆ ನಾಲ್ಕು ತಿಂಗಳಲ್ಲಿ ಮಾರಾಟವಾದದ್ದು ಮೂರೇ ಪ್ರತಿ, ಅದರಲ್ಲೂ ಒಂದನ್ನು ಕೊಂಡವರು ನಮ್ಮ ಸೋದರತ್ತೆ. ನಾನು ಎಡವುತ್ತಿರುವುದು ಎಲ್ಲಿ?

ಉತ್ತರ (ಮೈಸೂರಿನಿಂದ)
ನಿಮ್ಮ ಚಿತ್ರಗಳನ್ನು ನೋಡುತ್ತಿರುವವರು ಬಹುಶಃ ಸೀರೆ ಮೆಚ್ಚುವವರೇ ಹೊರತು ಸೂಜಿ ಹಿಡಿಯುವವರಲ್ಲ. ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿ ಕಾಣುವಂತೆ ಹೋಗಿ ಮರಳಿ ಬರುವ ನಮ್ಮ ಗವಂತಿ ಹೊಲಿಗೆಯನ್ನೇ ಯುರೋಪಿನವರು ಹಾಲ್ಬೈನ್ ಹೊಲಿಗೆ ಎನ್ನುತ್ತಾರೆ. ಅದನ್ನು ಬಳಸುವ ಅಲ್ಲಿನ ಕಲೆಗೆ ಬ್ಲ್ಯಾಕ್‌ವರ್ಕ್ ಎಂದು ಹೆಸರು. ಕಸೂತಿಯ ಇನ್ನೊಂದು ಹೊಲಿಗೆಯಾದ ಮೆಂತಿ ಎಂದರೆ ಅವರ ಕ್ರಾಸ್ ಸ್ಟಿಚ್. ಆ ಹವ್ಯಾಸಿಗಳು ನಕ್ಷೆ ಹುಡುಕುವಾಗ ‘ಕಸೂತಿ’ ಎಂದು ಬರೆಯುವುದಿಲ್ಲ, ಆದ್ದರಿಂದ ಶೀರ್ಷಿಕೆಯಲ್ಲಿ ಅವರ ಪದಗಳೂ ಇರಬೇಕು. ಚಿತ್ರಗಳನ್ನು ಹುಡುಕಿ ಕೂಡಿಡುವ ಪಿಂಟರೆಸ್ಟ್ ಜಾಲತಾಣ ಇದಕ್ಕೆ ತಕ್ಕ ಜಾಗ: ಅಲ್ಲಿಗೆ ಬರುವವರು ಹುಡುಕಲೆಂದೇ ಬರುತ್ತಾರೆ ಮತ್ತು ಪ್ರತಿ ಪಿನ್‌ಗೂ (ಅಲ್ಲಿ ಹಾಕುವ ಚಿತ್ರಕ್ಕೂ) ನಿಮ್ಮ ಮಾರಾಟದ ಪುಟದ ಕೊಂಡಿಯನ್ನು ಜೋಡಿಸಬಹುದು. 1000x1500 ಪಿಕ್ಸೆಲ್‌ಗಳ ಉದ್ದನೆಯ ಚಿತ್ರ ಮಾಡಿ, ಮೇಲೆ ಹೊಲಿದ ಬಟ್ಟೆ, ಕೆಳಗೆ ನಕ್ಷೆಯ ಒಂದು ತುಣುಕು ಇಡಿ. ಅಳತೆಯನ್ನೂ ಚಿತ್ರದ ಮೇಲೆಯೇ ಬರೆಯಿರಿ. 70 ಚೌಕಗಳ ನಕ್ಷೆ 14 ಕೌಂಟ್ ಐಡಾ ಬಟ್ಟೆಯಲ್ಲಿ (ಇಂಚಿಗೆ 14 ಚೌಕಗಳಿರುವ ಕಸೂತಿ ಬಟ್ಟೆ) 5 ಇಂಚು ಆಗುತ್ತದೆ ಎಂಬುದು ಹೊಲಿಯುವವರಿಗೆ ‘ಸುಂದರ’ ಎಂಬ ಮಾತಿಗಿಂತ ಹೆಚ್ಚು ಉಪಯೋಗದ್ದು.

ಉತ್ತರ (ಬೆಂಗಳೂರಿನಿಂದ)
ಬೆಲೆಯ ಬಗ್ಗೆ ಒಂದು ಮಾತು. ಕೈಕೆಲಸದ ವಸ್ತುಗಳನ್ನು ಮಾರುವ ಎಟ್ಸಿ ಜಾಲತಾಣದಲ್ಲಿ ಪ್ರತಿ ಲಿಸ್ಟಿಂಗ್‌ಗೆ, ಅಂದರೆ ಮಾರಾಟಕ್ಕಿಟ್ಟ ಪ್ರತಿ ವಸ್ತುವಿಗೆ, 20 ಸೆಂಟ್, ಮಾರಾಟದ ಮೇಲೆ 6.5 ಪ್ರತಿಶತ ಶುಲ್ಕವಿದೆ, ಪಾವತಿ ಶುಲ್ಕ ಬೇರೆ. 2 ಡಾಲರಿನ ಬಿಡಿ ನಕ್ಷೆಯಲ್ಲಿ 33 ಸೆಂಟ್ ಹೋಗುತ್ತದೆ, ಅಂದರೆ ಆರನೆಯ ಒಂದು ಪಾಲು. ಹಲವು ನಕ್ಷೆಗಳ 12 ಡಾಲರಿನ ಕಟ್ಟಿನಲ್ಲಿ ಹೋಗುವುದು 98 ಸೆಂಟ್ ಮಾತ್ರ. ನಲವತ್ತನ್ನೂ ಒಂದೇ ಕಡತದಲ್ಲಿ ತುರುಕದೆ ಗೋಪುರ, ಪ್ರಾಣಿ-ಪಕ್ಷಿ, ಅಂಚು ಎಂದು ಕಟ್ಟುಗಳಾಗಿ ವಿಂಗಡಿಸಿ, ಒಂದು ಚಿಕ್ಕ ನಕ್ಷೆಯನ್ನು ಉಚಿತವಾಗಿ ಕೊಡಿ. ಇನ್ನು, ಕಸೂತಿಗೆ ಭೌಗೋಳಿಕ ಸೂಚಕದ (ಒಂದು ಪ್ರದೇಶದ ವಿಶಿಷ್ಟ ವಸ್ತುವಿನ ಹೆಸರನ್ನು ಕಾಪಾಡುವ ಜಿಐ ಗುರುತಿನ) ನೋಂದಣಿ ಇರುವುದರಿಂದ, ನಾಳೆ ಇದೇ ಚಿತ್ತಾರವನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸಿ ‘ಕಸೂತಿ’ ಎಂದು ಮಾರುವ ಆಲೋಚನೆಯಿದ್ದರೆ ಬಿಟ್ಟುಬಿಡಿ.

ಉತ್ತರ (ಹುಬ್ಬಳ್ಳಿಯಿಂದ)
ನಾನು ಹೊಲಿಯುವವಳು, ವ್ಯಾಪಾರ ತಿಳಿಯದು. ಹಿಂದೆ ಬೇರೆಯವರಿಂದ ಇಂಥದೇ ಒಂದು ಪಿಡಿಎಫ್ ಕೊಂಡಿದ್ದೆ. ಗೆರೆಗಳೆಲ್ಲ ಅಚ್ಚುಕಟ್ಟಾಗಿದ್ದವು, ಆದರೆ ಸೂಜಿ ಎಲ್ಲಿಂದ ಹೊರಟು ಯಾವ ಕವಲಿಗೆ ಮೊದಲು ಹೋಗಿ ಮರಳಬೇಕೆಂಬುದು ಇರಲಿಲ್ಲ. ತುಳಸಿಕಟ್ಟೆಯ ಮೂರನೆಯ ಮೆಟ್ಟಿಲಲ್ಲಿ ಸಿಕ್ಕಿಕೊಂಡು, ಹಿಂಬದಿಯಲ್ಲಿ ದಾರ ಅಡ್ಡಾದಿಡ್ಡಿಯಾಗಿ, ಎಲ್ಲವನ್ನೂ ಬಿಚ್ಚಬೇಕಾಯಿತು. ನಿಮ್ಮ ನಕ್ಷೆಗಳಲ್ಲಿ ದಾರಿಯನ್ನು ತೋರಿಸಿದ್ದೀರಾ?

ಪ್ರಶ್ನೆ ಕೇಳಿದವರು
ತೋರಿಸಿಲ್ಲ. ಚಿತ್ರವಾಗಿ ನೋಡಿದೆನೇ ಹೊರತು ಹೊಲಿಯುವವರ ಕೈಯಿಂದ ನೋಡಲಿಲ್ಲ. ಎರಡು ಬಣ್ಣಗಳಲ್ಲಿ ಹೋಗುವ, ಮರಳುವ ದಾರಿಗೆ ಅಂಕಿ ಹಾಕಿ ತುಳಸಿಕಟ್ಟೆಯಿಂದಲೇ ಆರಂಭಿಸುತ್ತೇನೆ. ಮೊದಲ ಪ್ರತಿ ಸೋದರತ್ತೆಗೆ, ಈ ಸಲ ಹೊಲಿದು ತಪ್ಪು ಹೇಳುವುದಕ್ಕಾಗಿ.