ಡಿಎಂಎಲ್‌ಟಿ ಮುಗಿಸಿದ ತಂಗಿಗೆ ಬೆಂಗಳೂರಿನಲ್ಲಿ ಕೆಲಸ: ಯಾವುದಕ್ಕೆ ಸೇರಿಸಲಿ?

ತುಮಕೂರಣ್ಣ:
ಎಲ್ಲರಿಗೂ ನಮಸ್ಕಾರ. ತಂಗಿ ಈ ವರ್ಷ ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಮುಗಿಸಿದಳು. ಎರಡೇ ವಾರದಲ್ಲಿ ಬೆಂಗಳೂರಿನಿಂದ ಮೂರು ಕಡೆ ಕರೆ ಬಂದಿದೆ. ವಿಜಯನಗರದಲ್ಲಿ ಒಂದು ಕಲೆಕ್ಷನ್ ಸೆಂಟರ್, ವೈಟ್‌ಫೀಲ್ಡ್ ಕಡೆ ಮನೆಮನೆಗೆ ಹೋಗಿ ರಕ್ತ ತೆಗೆಯುವ ಕೆಲಸ, ಯಲಹಂಕದಲ್ಲಿ ಒಂದು ಪಾಲಿಕ್ಲಿನಿಕ್. ಒಂದೂ ದೊಡ್ಡ ಆಸ್ಪತ್ರೆ ಅಲ್ಲ. ನಮ್ಮ ದೊಡ್ಡಪ್ಪನ ಮಗ ಇದೇ ಓದು ಮುಗಿಸಿ ಸೀದಾ ಆಸ್ಪತ್ರೆಗೆ ಸೇರಿದ್ದ, ಇವತ್ತಿಗೂ ಅಲ್ಲೇ ಇದ್ದಾನೆ. ಈಗ ಕೆಲಸ ಎಲ್ಲ ಓಪಿಡಿ, ಅಂದರೆ ಅಡ್ಮಿಟ್ ಆಗದೆ ಬಂದುಹೋಗುವ ರೋಗಿಗಳ ಕಡೆಗೇ ಹೋಗುತ್ತಿದೆಯಾ, ಇಲ್ಲ ಇವಳಿಗೆ ಸಿಕ್ಕಿದ್ದೇ ಹೀಗಾ? ಅಪ್ಪ ಮಾತ್ರ ‘ನಮ್ಮ ಕ್ಲಿನಿಕ್‌ಗೆ ಹಾಕಿಸು, ಸರ್ಕಾರಿ ಕೆಲಸ’ ಅಂತ ಹಟ ಹಿಡಿದಿದ್ದಾರೆ (ವಾರ್ಡುಗಳಲ್ಲಿ ಸರ್ಕಾರ ತೆರೆದಿರುವ ಸಣ್ಣ ಕ್ಲಿನಿಕ್‌ಗಳ ಹೆಸರೇ ‘ನಮ್ಮ ಕ್ಲಿನಿಕ್’).

ಸೂಜಿದಾರ:
ಹೌದು, ಹೋಗುತ್ತಿದೆ. ಆದರೆ ಹೇಗೆ ಹೋಗುತ್ತಿದೆ ಅನ್ನುವುದನ್ನು ನೋಡಿಕೊಳ್ಳಿ. ಬೀದಿಗೊಂದು ಕಲೆಕ್ಷನ್ ಸೆಂಟರ್ ತೆರೆದರೂ ಅಲ್ಲಿ ಟೆಸ್ಟ್ ಮಾಡುವುದಿಲ್ಲ, ರಕ್ತ ತೆಗೆದು ಟ್ಯೂಬಿಗೆ ಬಾರ್‌ಕೋಡ್ ಅಂಟಿಸಿ ಐಸ್ ಬಾಕ್ಸಿನಲ್ಲಿಟ್ಟು ಮುಖ್ಯ ಲ್ಯಾಬಿಗೆ ಕಳಿಸುತ್ತಾರೆ ಅಷ್ಟೇ, ಅಲ್ಲಿ ದೊಡ್ಡ ಮಷೀನು ಒಂದೇ ಸಲಕ್ಕೆ ನೂರಾರು ಸ್ಯಾಂಪಲ್ ಮುಗಿಸುತ್ತದೆ. ಅಂದರೆ ಸೂಜಿ ಹಿಡಿಯುವವರಿಗೆ ಬೇಡಿಕೆ ಜಾಸ್ತಿ, ಮಷೀನಿನ ಮುಂದೆ ಕೂರುವವರು ಕಮ್ಮಿ ಸಾಕು.

ನಾನು ಎರಡು ವರ್ಷ ಹೋಮ್ ಕಲೆಕ್ಷನ್ ಮಾಡಿದೆ. ಬೆಳಗ್ಗೆ 6ಕ್ಕೆ ಮೊದಲ ಮನೆ, ಖಾಲಿ ಹೊಟ್ಟೆಯ ಸ್ಯಾಂಪಲ್ ಎಲ್ಲರಿಗೂ ಆಗಲೇ ಬೇಕು. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯುರಿಟಿ ಹತ್ತು ನಿಮಿಷ ನಿಲ್ಲಿಸುತ್ತಾನೆ, ಮೇಲಿನ ಮನೆಯವರು ಲೇಟ್ ಅಂತ ಒಂದು ಸ್ಟಾರ್ ಕೊಡುತ್ತಾರೆ. ಪೆಟ್ರೋಲ್ ನಮ್ಮದೇ. ಕೈ ಚೆನ್ನಾಗಿ ಪಳಗಿತು, ಎಂಥ ಸಣ್ಣ ನರ ಇದ್ದರೂ ಸಿಗುತ್ತದೆ. ಆದರೆ ಆಮೇಲೆ ಒಂದು ಆಸ್ಪತ್ರೆಯ ಇಂಟರ್ವ್ಯೂನಲ್ಲಿ ಸ್ಲೈಡ್ ಕೊಟ್ಟು ಏನು ಕಾಣಿಸುತ್ತದೆ ಹೇಳು ಅಂದರು, ಮರೆತೇ ಹೋಗಿತ್ತು. ಮೊದಲ ಎರಡು ವರ್ಷ ಮಾತ್ರ ತಂಗಿಯನ್ನು ಬೆಂಚಿನಿಂದ, ಅಂದರೆ ಲ್ಯಾಬಿನಲ್ಲಿ ಕೂತು ಟೆಸ್ಟ್ ಮಾಡುವ ಕೆಲಸದಿಂದ, ದೂರ ಹಾಕಬೇಡಿ.

ಸಿಸ್ಟರ್ ದಾಸರಹಳ್ಳಿ:
ಅಪ್ಪನವರಿಗೆ ಒಂದು ಮಾತು ತಿಳಿಸಿ. ನಮ್ಮ ಕ್ಲಿನಿಕ್ ಸರ್ಕಾರದ್ದೇ, ಆದರೆ ಕೆಲಸ ಕಾಯಂ ಅಲ್ಲ, ಗುತ್ತಿಗೆ. 2022ರ ಡಿಸೆಂಬರ್‌ನಲ್ಲಿ ಶುರುವಾದಾಗ ರಾಜ್ಯಕ್ಕೆ 438, ಅದರಲ್ಲಿ ಬೆಂಗಳೂರಿಗೆ ವಾರ್ಡಿಗೊಂದರಂತೆ 243 ಅಂತ ಲೆಕ್ಕ ಹಾಕಿದ್ದರು. ಒಂದೊಂದಕ್ಕೆ ಒಬ್ಬ ಡಾಕ್ಟರ್, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಒಬ್ಬ ಡಿ ಗ್ರೂಪ್. ಸುಮ್ನೆ ಲೆಕ್ಕ ಹಾಕಿ, ಟೆಕ್ನಿಷಿಯನ್‌ಗಳಿಗೇ ನಾನೂರು ಚಿಲ್ಲರೆ ಜಾಗ. ಬೆಳಗ್ಗೆ 9ರಿಂದ ಸಂಜೆ 4:30, ನೈಟ್ ಶಿಫ್ಟ್ ಇಲ್ಲ. ಮನೆ, ಮಕ್ಕಳು ಇರುವವರಿಗೆ ಇದಕ್ಕಿಂತ ಒಳ್ಳೆಯದು ಏನಿದೆ? ಆಸ್ಪತ್ರೆಯ ವಾರ್ಡ್ ಬಿಟ್ಟು ಓಪಿಡಿಗೆ ಬರುವ ನರ್ಸುಗಳೂ ಮೊದಲು ಹೇಳುವ ಕಾರಣ ನೈಟ್ ಡ್ಯೂಟಿಯೇ.

ಲೆಕ್ಕದ ಮೇಷ್ಟ್ರು:
ಸಂಬಳ ಎಷ್ಟು ಅಂತ ಕೇಳುವ ಮೊದಲು ‘ನೌಕರಿನಾ, ಪಾರ್ಟ್‌ನರಾ’ ಅಂತ ಕೇಳಿ. ನೌಕರಿ ಅಂದರೆ ಆರ್ಡರ್ ಕಾಪಿ, ಪಿಎಫ್ ಬೇಕು, ಸಂಬಳ 21,000 ದಾಟದಿದ್ದರೆ ಇಎಸ್ಐ (ನೌಕರರ ಆರೋಗ್ಯ ವಿಮೆ) ಬೇಕು. ಆ್ಯಪ್‌ನಲ್ಲಿ ಕಲೆಕ್ಷನ್‌ಗೆ ಇಷ್ಟು ಅಂತ ಕೊಡುವವರು ‘ಪಾರ್ಟ್‌ನರ್’ ಅಂದುಬಿಟ್ಟರೆ ಪಿಎಫ್, ಇಎಸ್ಐ ಎರಡೂ ಇಲ್ಲ. 2025ರಲ್ಲಿ ನಮ್ಮ ರಾಜ್ಯ ತಂದ ಗಿಗ್ ಕಾರ್ಮಿಕರ (ಹೀಗೆ ಆ್ಯಪ್ ಮೂಲಕ ದುಡಿಯುವವರ) ಕಾಯ್ದೆಯ ಪಟ್ಟಿಯಲ್ಲಿ ಊಟ ತಲುಪಿಸುವವರ ಜೊತೆಗೆ ಆರೋಗ್ಯ ಸೇವೆಯೂ ಇದೆ, ಕೆಲಸಗಾರರಿಗೆ ಕೊಡುವ ಹಣದ ಮೇಲೆ ಕಂಪನಿ 1ರಿಂದ 5 ಪರ್ಸೆಂಟ್ ಕಲ್ಯಾಣ ನಿಧಿಗೆ ಕಟ್ಟಬೇಕು. ಇಲ್ಲದ್ದಕ್ಕಿಂತ ವಾಸಿ, ಆದರೆ ಅದು ಪಿಎಫ್ ಅಲ್ಲ.

ಇನ್ನೊಂದು ವಿಷಯ. ಆಯುಷ್ಮಾನ್ ಕಾರ್ಡು ಅಡ್ಮಿಟ್ ಆದವರಿಗೆ, ಓಪಿಡಿ ಬಿಲ್ಲು ಜನ ಜೇಬಿನಿಂದಲೇ ಕೊಡಬೇಕು. ಹಾಗಾಗಿ ಈ ಸೆಂಟರ್‌ಗಳ ನಡುವೆ ರೇಟ್ ಇಳಿಸುವ ಪೈಪೋಟಿ, ‘ಫುಲ್ ಬಾಡಿ ಚೆಕಪ್ ಅರ್ಧ ಬೆಲೆ’ ಬೋರ್ಡು ನೋಡಿದ್ದೀರಲ್ಲ? ಆ ಅರ್ಧ ಬೆಲೆಯ ಏಟು ಕೊನೆಗೆ ಸಂಬಳದ ಮೇಲೇ ಬೀಳುವುದು.

ತುಮಕೂರಣ್ಣ:
ಎಲ್ಲರಿಗೂ ಥ್ಯಾಂಕ್ಸ್. ಮೂರೂ ಕಡೆ ಫೋನ್ ಮಾಡಿದೆ. ವೈಟ್‌ಫೀಲ್ಡ್‌ನವರು ‘ಪಾರ್ಟ್‌ನರ್’ ಅಂದರು, ಅಲ್ಲಿಗೆ ಬಿಟ್ಟೆ. ವಿಜಯನಗರದಲ್ಲಿ ಮೈಕ್ರೋಸ್ಕೋಪೇ ಇಲ್ಲವಂತೆ. ಯಲಹಂಕದಲ್ಲಿ ಸ್ವಂತ ಲ್ಯಾಬ್ ಇದೆ, ರಕ್ತಕಣ ಎಣಿಸುವ ಸೆಲ್ ಕೌಂಟರ್ ಮಷೀನು ಇದೆ, ಒಬ್ಬ ಸೀನಿಯರ್ ಮೇಡಂ ಇದ್ದಾರೆ, ಸಂಬಳ ಮಾತ್ರ ಮೂರರಲ್ಲಿ ಕಮ್ಮಿ. ಗುರುವಾರ ಕರೆದುಕೊಂಡು ಹೋಗುತ್ತೇನೆ. ಅಪ್ಪನಿಗೆ ಗುತ್ತಿಗೆ ಅಂತ ಹೇಳಿದೆ, ‘ಆದರೂ ಸರ್ಕಾರದ್ದಲ್ವಾ’ ಅಂದರು.

ಸೂಜಿದಾರ:
ಆ ಮೇಡಂ ಹತ್ತಿರ ತಂಗಿಯೇ ಮಾತಾಡಲಿ, ನೀವು ಹೊರಗೆ ಕಾಫಿ ಕುಡಿಯುತ್ತಿರಿ. ಪಿಜಿ ಯಲಹಂಕದಲ್ಲೇ ನೋಡಿ, ದಿನಾ ಹೆಬ್ಬಾಳದ ಟ್ರಾಫಿಕ್ ದಾಟುವ ಕೆಲಸ ಇಟ್ಟುಕೊಳ್ಳಬೇಡಿ.