ಸಿಲಿಕಾನ್ ಚಿಪ್ ಮೇಲೆ ಆ್ಯಂಟಿಬಾಡಿ ನಿಲ್ಲುತ್ತಿಲ್ಲ, ತೊಳೆದರೆ ಹೋಗಿಬಿಡುತ್ತದೆ

ನೀಲಿಚಿಪ್:
ನಮಸ್ಕಾರ. ಮೂರು ವಾರದಿಂದ ಇದೇ ಹಂತದಲ್ಲಿ ಸಿಕ್ಕಿಕೊಂಡಿದ್ದೇನೆ. ಬಯೋಸೆನ್ಸರ್‌ಗಾಗಿ ಸಿಲಿಕಾನ್ ಮೇಲೆ ಐಜಿಜಿ ಆ್ಯಂಟಿಬಾಡಿ (ಗುರಿಯ ಅಣುವನ್ನು ಗುರುತಿಸಿ ಹಿಡಿಯುವ ಪ್ರೋಟೀನ್) ಕೂರಿಸಬೇಕು. ಪಿರಾನ್ಹಾದಲ್ಲಿ (ಸಲ್ಫ್ಯೂರಿಕ್ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್ ಮಿಶ್ರಣ) ಶುಚಿಮಾಡಿ, ನೀರಿನಲ್ಲಿ ಜಾಲಿಸಿ, ನೈಟ್ರೋಜನ್ ಊದಿ ಒಣಗಿಸುತ್ತೇನೆ. ಎಥನಾಲ್‌ನಲ್ಲಿ 5% ಎಪಿಟಿಇಎಸ್ (ಸಿಲಿಕಾನ್ ಮೇಲೆ ಅಮೀನ್ ಗುಂಪುಗಳನ್ನು ಕೂರಿಸುವ ಸಿಲೇನ್ ರಾಸಾಯನಿಕ) ದ್ರಾವಣ ಮಾಡಿ ರಾತ್ರಿಯಿಡೀ ಮುಳುಗಿಸಿಡುತ್ತೇನೆ. ಆಮೇಲೆ ಆ ಅಮೀನನ್ನು ಪ್ರೋಟೀನಿಗೆ ಬೆಸೆಯುವ ಆಲ್ಡಿಹೈಡ್ ಆದ 2.5% ಗ್ಲುಟರಾಲ್ಡಿಹೈಡ್ ಒಂದು ಗಂಟೆ, ಕೊನೆಗೆ ಆ್ಯಂಟಿಬಾಡಿ. ಫ್ಲೋರೊಸೆಂಟ್ ಗುರುತು ಮೊದಲು ಚೆನ್ನಾಗಿಯೇ ಹೊಳೆಯುತ್ತದೆ. ಟ್ವೀನ್ (ಸೌಮ್ಯ ಮಾರ್ಜಕ) ಬೆರೆಸಿದ ಪಿಬಿಎಸ್‌ನಲ್ಲಿ (ಪಿಎಚ್ ಸ್ಥಿರವಾಗಿಡುವ ಫಾಸ್ಫೇಟ್ ದ್ರಾವಣ, ಅಂದರೆ ಬಫರ್) ಮೂರು ಸಲ ತೊಳೆದರೆ ಅಲ್ಲಲ್ಲಿ ತೇಪೆ ಮಾತ್ರ ಉಳಿಯುತ್ತದೆ. ಚಿಪ್ಪನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಉಪ್ಪಿನ ಪುಡಿ ಉದುರಿದ ಹಾಗೆ ಬಿಳಿ ಚುಕ್ಕೆಗಳು. ಆ್ಯಂಟಿಬಾಡಿ ಎರಡು ಪಟ್ಟು ಹಾಕಿದರೂ ಬದಲಾವಣೆ ಇಲ್ಲ.

ತೆಳುಪದರ:
ಮೂರು ವಿಷಯ ತಿಳಿಸಿ. ಗ್ಲುಟರಾಲ್ಡಿಹೈಡ್ ಹಾಕದ ಕಂಟ್ರೋಲ್ ಚಿಪ್ ಮಾಡಿದ್ದೀರಾ? ಎಪಿಟಿಇಎಸ್ ಆದಮೇಲೆ ಎಲಿಪ್ಸೋಮೀಟರ್‌ನಲ್ಲಿ (ತೆಳು ಪದರವನ್ನು ಬೆಳಕಿನಿಂದ ಅಳೆಯುವ ಉಪಕರಣ) ದಪ್ಪ ಎಷ್ಟು ಬಂತು? ಆ್ಯಂಟಿಬಾಡಿ ಯಾವ ಬಫರ್‌ನಲ್ಲಿದೆ?

ನೀಲಿಚಿಪ್:
ಕಂಟ್ರೋಲ್ ಇವತ್ತು ಮಾಡಿದೆ, ಅದೂ ತೊಳೆಯುವ ಮೊದಲು ಅಷ್ಟೇ ಹೊಳೆಯಿತು! ದಪ್ಪ 6 ನ್ಯಾನೋಮೀಟರ್. ಆ್ಯಂಟಿಬಾಡಿ ಮಿಲಿಲೀಟರಿಗೆ 50 ಮೈಕ್ರೋಗ್ರಾಂ, 50 ಮಿಲಿಮೋಲಾರ್ ಟ್ರಿಸ್ ಬಫರ್‌ನಲ್ಲಿ.

ತೆಳುಪದರ:
ಹಾಗಾದರೆ ನಿಮ್ಮದು ಒಂದಲ್ಲ, ಎರಡು ತೊಂದರೆ.

ಮೊದಲನೆಯದು ಟ್ರಿಸ್. ಅದೇ ಒಂದು ಪ್ರಾಥಮಿಕ ಅಮೀನ್. ಆ್ಯಂಟಿಬಾಡಿಯ ಲೈಸಿನ್ (ಪ್ರೋಟೀನಿನಲ್ಲಿ ಅಮೀನ್ ಇರುವ ಭಾಗ) ಹಿಡಿಯಬೇಕಾದ ಆಲ್ಡಿಹೈಡನ್ನು ಅದು ಮೊದಲೇ ಹಿಡಿದುಬಿಡುತ್ತದೆ. ಲೆಕ್ಕ ಹಾಕಿ ನೋಡಿ: ಐಜಿಜಿಯ ತೂಕ ಸುಮಾರು 150 ಕಿಲೋಡಾಲ್ಟನ್, ಅಂದರೆ ನಿಮ್ಮ ದ್ರಾವಣದಲ್ಲಿ ಒಂದೊಂದು ಆ್ಯಂಟಿಬಾಡಿಗೆ ಒಂದೂವರೆ ಲಕ್ಷ ಟ್ರಿಸ್ ಅಣು ಪೈಪೋಟಿಗೆ ನಿಂತಿವೆ. ಪ್ರಮಾಣ ಎರಡು ಪಟ್ಟು ಮಾಡಿದರೆ ಎಲ್ಲಿ ಸಾಕಾದೀತು? ಡಯಾಲಿಸಿಸ್ ಮಾಡಿ (ಪೊರೆಯ ಮೂಲಕ ಸಣ್ಣ ಅಣುಗಳನ್ನು ಹೊರಬಿಟ್ಟು) ಪಿಬಿಎಸ್‌ಗೆ ಬದಲಾಯಿಸಿ. ಬಾಟಲಿಯ ಲೇಬಲ್ ಕೂಡ ಓದಿ. ಕೆಡದಿರಲೆಂದು ಬಿಎಸ್ಎ (ಹಸುವಿನ ರಕ್ತದ ಆಲ್ಬುಮಿನ್) ಸೇರಿಸಿದ್ದರೆ ಅದೂ ಪ್ರೋಟೀನೇ, ನಿಮ್ಮ ಜಾಗವನ್ನೇ ತಿನ್ನುತ್ತದೆ.

ಕಂಟ್ರೋಲ್ ಹೊಳೆದದ್ದಕ್ಕೆ ಕಾರಣ ಬೇರೆ. ಅಮೀನ್ ಮೇಲ್ಮೈಗೆ ಧನ ವಿದ್ಯುದಂಶ ಇರುತ್ತದೆ, ಪ್ರೋಟೀನ್ ಅದಕ್ಕೆ ಸುಮ್ಮನೆ ಅಂಟಿ ಕೂರುತ್ತದೆ. ಬಂಧ ಏರ್ಪಟ್ಟಿಲ್ಲದ್ದರಿಂದ ತೊಳೆದಾಗ ಹೋಗುತ್ತದೆ. ತೊಳೆಯುವ ಮುಂಚಿನ ಹೊಳಪನ್ನು ದಯವಿಟ್ಟು ನಂಬಬೇಡಿ.

ಎರಡನೆಯದು ದಪ್ಪ. ಎಪಿಟಿಇಎಸ್‌ನ ಒಂದೇ ಪದರ ಸುಮಾರು 0.7 ನ್ಯಾನೋಮೀಟರ್. 6 ಬಂತೆಂದರೆ ಸಿಲೇನ್ ತನ್ನೊಳಗೇ ಹೆಣೆದುಕೊಂಡು ಗಂಟುಗಂಟಾಗಿ ಬಿದ್ದಿದೆ, ನೀವು ಕಂಡ ಬಿಳಿ ಚುಕ್ಕೆಗಳೂ ಅವೇ ಇರಬೇಕು. ಆ ಗಂಟು ಕಿತ್ತುಬಂದರೆ ಮೇಲಿನ ಪ್ರೋಟೀನೂ ಜೊತೆಗೇ ಹೋಗುತ್ತದೆ. ನೀರಿನ ಅಂಶವಿಲ್ಲದ ಟೊಲ್ಯೂಯಿನ್‌ನಲ್ಲಿ 1%, ಒಂದು ಗಂಟೆಯೊಳಗೆ ಮುಗಿಸಿ. ಟೊಲ್ಯೂಯಿನ್‌ನಲ್ಲಿ, ಆಮೇಲೆ ಎಥನಾಲ್‌ನಲ್ಲಿ ಜಾಲಿಸಿ, 110 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿಮಾಡಿ. ಸಿಲಿಕಾನ್ ಮೇಲೆ ಮೊದಲೇ ಇರುವ ಆಕ್ಸೈಡ್ ಪದರವನ್ನು ಅಳೆದಿಟ್ಟುಕೊಂಡು ಕಳೆಯಲು ಮರೆಯಬೇಡಿ.

ಸಿಲೇನ್_ಸಂಗ:
ಬಾಟಲಿ ತೆರೆದು ಎಷ್ಟು ದಿನವಾಯಿತು ಅಂತಲೂ ನೋಡಿ. ಗಾಳಿಯ ತೇವ ಕುಡಿದ ಎಪಿಟಿಇಎಸ್‌ನಿಂದ ಒಳ್ಳೆಯ ಪದರ ಬರುವುದಿಲ್ಲ. ನಾನಂತೂ ದ್ರಾವಣ ಬಿಟ್ಟು ಆವಿ ವಿಧಾನಕ್ಕೆ ಬಂದಮೇಲೆ ಗಂಟುಗಳ ಕಾಟ ತಪ್ಪಿತು. ಇನ್ನೊಂದು: ಗ್ಲುಟರಾಲ್ಡಿಹೈಡಿನ ಬಂಧ ನೀರಿನಲ್ಲಿ ಮತ್ತೆ ಬಿಚ್ಚಿಕೊಳ್ಳಬಲ್ಲದು. ಸೋಡಿಯಂ ಸಯನೋಬೋರೋಹೈಡ್ರೈಡ್ ಹಾಕಿದರೆ ಗಟ್ಟಿಯಾಗುತ್ತದೆ. ಆದರೆ ಅದಕ್ಕೆ ಆಮ್ಲ ತಗುಲಿದರೆ ಹೈಡ್ರೋಜನ್ ಸಯನೈಡ್ ಹೊರಬರುತ್ತದೆ, ಫ್ಯೂಮ್ ಹುಡ್ ಬಿಟ್ಟು ಮುಟ್ಟಬೇಡಿ. ಪಿರಾನ್ಹಾ ಹತ್ತಿರ ಅಸಿಟೋನ್ ಇಡಲೇಬೇಡಿ, ಅದರ ಪಾತ್ರೆಗೆ ಬಿಗಿ ಮುಚ್ಚಳವನ್ನೂ ಹಾಕಬೇಡಿ.

ನೀಲಿಚಿಪ್:
ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ದಪ್ಪ 0.8ಕ್ಕೆ ಇಳಿಯಿತು, ಚುಕ್ಕೆಗಳಿಲ್ಲ. ಪಿಬಿಎಸ್‌ಗೆ ಬದಲಾಯಿಸಿದ ಆ್ಯಂಟಿಬಾಡಿ ಮೂರು ತೊಳೆತದ ನಂತರವೂ ನಿಂತಿದೆ, ಕಂಟ್ರೋಲ್ ಕಪ್ಪಗಾಗಿದೆ. ಇಬ್ಬರಿಗೂ ತುಂಬಾ ಋಣಿ. ಹನಿಯ ಅಂಚಿನಲ್ಲಿ ಮಾತ್ರ ಉಂಗುರದಂತೆ ಹೆಚ್ಚು ಹೊಳಪು ಬರುತ್ತಿದೆ.

ತೆಳುಪದರ:
ಹನಿ ಒಣಗುತ್ತಿದೆ. ಪೆಟ್ರಿ ತಟ್ಟೆಯೊಳಗೆ ಒದ್ದೆ ಟಿಶ್ಯೂ ಇಟ್ಟು, ಮುಚ್ಚಿ, ಅದರಲ್ಲಿ ಚಿಪ್ ಇಡಿ. ಆ್ಯಂಟಿಬಾಡಿ ಕೂತಮೇಲೆ ಉಳಿದ ಆಲ್ಡಿಹೈಡ್ ಮುಚ್ಚಲು ಎಥನಾಲಮೀನ್ ಹಾಕಿ, ಅದೂ ಪ್ರಾಥಮಿಕ ಅಮೀನೇ. ಆ ಹಂತದಲ್ಲಿ ಬೇಕಿದ್ದರೆ ನಿಮ್ಮ ಟ್ರಿಸ್ಸನ್ನೇ ಬಳಸಬಹುದು.