ಅಲುಗಾಡದೆ ಕೂತರೆ ಸೆನ್ಸರ್ ಲೈಟ್ ಆರಿಹೋಗುತ್ತೆ, ಯಾಕೆ?

ಪ್ರಶ್ನೆ: ಇನ್‌ಫ್ರಾರೆಡ್ ಸೆನ್ಸರ್ ಲೈಟ್ ಹಾಕಿಸಿದ್ದೀನಿ. ಓದ್ತಾ ಕೂತ್ರೆ ಆರಿಹೋಗುತ್ತೆ, ಕೈ ಬೀಸಿದ್ರೆ ಹತ್ತುತ್ತೆ. ಮೈ ಬಿಸಿ ಇದ್ದೇ ಇರುತ್ತಲ್ಲ, ಅದಕ್ಕೆ ಕಾಣಲ್ವಾ?

ಉತ್ತರ 1: ಅದು ನೋಡೋದು ಬಿಸಿಯನ್ನಲ್ಲ, ಬಿಸಿಯ ಬದಲಾವಣೆಯನ್ನ. ಒಳಗಿನ ಪೈರೋಎಲೆಕ್ಟ್ರಿಕ್ ವಸ್ತು ತಾಪ ಏರಿಳಿದಾಗ ಮಾತ್ರ ಸಿಗ್ನಲ್ ಕೊಡುತ್ತೆ. ಹಳೇದೊಂದನ್ನ ಬಿಚ್ಚಿ ನೋಡಿದ್ದೆ: ಪುಟ್ಟ ಕಿಟಕಿಯ ಹಿಂದೆ ಅಕ್ಕಪಕ್ಕ ಎರಡು ತುಣುಕು, ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದ್ದು. ಬಿಸಿ ಎರಡರ ಮೇಲೂ ಸಮನಾಗಿ ಬಿದ್ರೆ ಸಿಗ್ನಲ್ ಸೊನ್ನೆ. ನೀವು ಅಡ್ಡ ನಡೆದಾಗ ಒಂದಾದ ಮೇಲೊಂದಕ್ಕೆ ಬೀಳುತ್ತೆ, ಎಷ್ಟು ಚೆಂದದ ಉಪಾಯ! ನೇರ ಎದುರಿಗೆ ಬಂದ್ರೆ ತಡವಾಗಿ ಗುರುತಿಸೋದೂ ಇದಕ್ಕೇ.

ಉತ್ತರ 2: ಗಾಜಿನ ಹಿಂದೆ ಇಡಬೇಡಿ. ಮೈಯಿಂದ ಹೊರಡೋದು ಹೆಚ್ಚಾಗಿ 10 ಮೈಕ್ರೋಮೀಟರ್ ಆಸುಪಾಸಿನ ತರಂಗಾಂತರದ ಇನ್‌ಫ್ರಾರೆಡ್ ಕಿರಣ, ಗಾಜು ಅದನ್ನ ಬಿಡಲ್ಲ.

ಪ್ರಶ್ನೆ ಕೇಳಿದವರು: ಥರ್ಮಲ್ ಕ್ಯಾಮೆರಾದಲ್ಲಿ ನಿಂತವರೂ ಕಾಣ್ತಾರಲ್ಲ?

ಉತ್ತರ 1: ಅದರಲ್ಲಿ ಸಾಮಾನ್ಯವಾಗಿ ಮೈಕ್ರೋಬೋಲೋಮೀಟರ್ ಇರುತ್ತೆ, ಅಂದ್ರೆ ಬಿಸಿ ಅಳೆಯೋ ಪುಟ್ಟ ಪುಟ್ಟ ಪಿಕ್ಸೆಲ್‌ಗಳ ಸೆನ್ಸರ್. ಬಿಸಿಯಾದಷ್ಟೂ ಪ್ರತಿ ಪಿಕ್ಸೆಲ್‌ನ ವಿದ್ಯುತ್ ರೋಧ ಬದಲಾಗುತ್ತೆ, ಚಲನೆ ಬೇಕಿಲ್ಲ.